ಹತ್ತದೆ ಉಳಿದ ಮೆಟ್ಟಿಲು



ಮಾರ್ಚ್ ತಿಂಗಳು ಮುಗಿಯುತ್ತ ಬಂದಿತೆಂದರೆ ನಮ್ಮ ಕಡೆಯ ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಏಳನೆಯ ತರಗತಿಯ ಮಕ್ಕಳನ್ನು ಬೀಳ್ಕೊಡುವ ಸಮಾರಂಭಗಳು ನಡೆಯುತ್ತವೆ. 2025ರಲ್ಲಿ ಧಾರವಾಡ ಜಿಲ್ಲೆಯ ಎರೆಭೂಮಿಯ ಒಂದು ಹಳ್ಳಿಯಿಂದ ನಮಗೂ ಇಂಥದೊಂದು ಕರೆ ಬಂದಿತು. ಅತಿಥಿಯಾಗಿ ಕರೆಯುವಷ್ಟು ದೊಡ್ಡವರು ನಾವೆಂದಲ್ಲ. ಅದು ನಮ್ಮ ತಂಗಿಯನ್ನು ಕೊಟ್ಟ ಊರು. ಆಕೆಯ ಮೊಮ್ಮಗಳು ಆ ವರ್ಷ ಶಾಲೆ ಬಿಡುವವರಲ್ಲಿ ಒಬ್ಬಳು.

ಸಮಾರಂಭ ಎಲ್ಲ ಕಡೆ ನಡೆಯುವಂತೆಯೇ ನಡೆಯಿತು. ಮಕ್ಕಳು ಹಣ ಕೂಡಿಸಿ ಶಾಲೆಗೊಂದು ಗೋಡೆ ಗಡಿಯಾರ ಕೊಟ್ಟರು. ಹಿಂದಿನ ವರ್ಷಗಳ ಮಕ್ಕಳು ಕೊಟ್ಟ ಗಡಿಯಾರಗಳು ಆಗಲೇ ಗೋಡೆಯ ಮೇಲೆ ಸಾಲಾಗಿದ್ದವು. ಒಂದೊಂದೂ ಒಂದೊಂದು ವೇಳೆ ತೋರಿಸುತ್ತಿತ್ತು. ಅತಿಥಿಗಳ ಭಾಷಣಗಳು ಮಕ್ಕಳ ಭಾಷಣಗಳಿಗಿಂತ ಉದ್ದವಾದವು. ನಮ್ಮದೂ ಅವುಗಳಲ್ಲಿ ಸೇರಿತ್ತೆಂಬುದನ್ನು ಒಪ್ಪಿಕೊಳ್ಳಬೇಕು.

ಮಕ್ಕಳ ಮಾತುಗಳನ್ನು ಗುರುಗಳು ಬರೆದುಕೊಟ್ಟಿದ್ದರೆಂಬುದು ಕೇಳಿದೊಡನೆಯೇ ತಿಳಿಯುತ್ತಿತ್ತು. "ಈ ಜ್ಞಾನದೇಗುಲದಲ್ಲಿ" ಎಂದು ಮೂವರು ಆರಂಭಿಸಿದರು. ನಮ್ಮ ಹುಡುಗಿಯ ಸರದಿ ಬಂದಾಗ ಅವಳೂ ಚೀಟಿ ಹಿಡಿದೇ ಬಂದಳು. ಒಂದು ಸಾಲು ಓದಿದಳು. ಆಮೇಲೆ ಅದೇನೆನಿಸಿತೋ, ಚೀಟಿಯನ್ನು ಮಡಿಸಿ ಕೈಯಲ್ಲಿಟ್ಟುಕೊಂಡು ತನ್ನ ಮಾತಿನಲ್ಲೇ ಹೇಳತೊಡಗಿದಳು.

"ನಾ ಎರಡನೇತ್ತದಾಗ ಇದ್ದಾಗ ಸಾಲಿ ಮುಚ್ಚಿತು. ತೆರೆದಾಗ ನಾಲ್ಕನೇತ್ತದಾಗ ಇದ್ದೆ. ಮೂರನೇತ್ತಾ ಎಲ್ಲಿ ಹೋತು ಅಂತ ನನಗ ಇನ್ನೂ ಗೊತ್ತಾಗಿಲ್ಲ."

ಸಭೆ ನಕ್ಕಿತು. ನಾವೂ ನಕ್ಕೆವು. ಆದರೆ ಅವಳು ನಗಿಸಲು ಹೇಳಿದ ಮಾತಲ್ಲ ಅದು. 2020ರ ಮಾರ್ಚ್‌ನಲ್ಲಿ ಕೊರೋನಾ ರೋಗದ ಕಾರಣ ಮುಚ್ಚಿದ ಶಾಲೆಗಳಲ್ಲಿ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಮತ್ತೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. ನಡುವೆ, 2020ರಲ್ಲಿ, 'ವಿದ್ಯಾಗಮ'ವೆಂಬ ಹೆಸರಿನಲ್ಲಿ ಗುರುಗಳೇ ಓಣಿಗೆ ಬಂದು ಗುಡಿಯ ಕಟ್ಟೆಯ ಮೇಲೆ, ಮರದ ನೆರಳಿನಲ್ಲಿ ಕೆಲಕಾಲ ಪಾಠ ಹೇಳಿದರು. ರೋಗದ ಭಯದಿಂದ ಅದೂ ಅಕ್ಟೋಬರಿನಲ್ಲಿ ನಿಂತಿತು. ದೊಡ್ಡವರಾದ ನಮಗೆ ಅದೊಂದು ಕೆಟ್ಟ ಕಾಲ, ಬಂತು, ಹೋಯಿತು. ಏಳೆಂಟು ವರ್ಷದ ಮಗುವಿಗೆ ಅದು ಒಂದು ಇಡೀ ತರಗತಿ.

ಹುಡುಗಿ ಮುಂದುವರಿಸಿದಳು. ನಲಿ-ಕಲಿ ಕೋಣೆಯ ಗೋಡೆಯ ಮೇಲೆ ಒಂದು ಏಣಿಯ ಚಿತ್ರವಿದೆಯಂತೆ. ಅದರ ಮೆಟ್ಟಿಲುಗಳಲ್ಲಿ ಹಕ್ಕಿ, ಪ್ರಾಣಿಗಳ ಗುರುತುಗಳು. ಒಂದು ಕಲಿತ ಮೇಲೆ ಇನ್ನೊಂದಕ್ಕೆ ಹತ್ತಬೇಕು. ತಾನು ಹತ್ತದೆ ಬಿಟ್ಟ ಮೆಟ್ಟಿಲುಗಳು ಇನ್ನೂ ಆ ಗೋಡೆಯ ಮೇಲೆ ಹಾಗೆಯೇ ಇವೆಯೆಂದು ಅವಳು ಹೇಳಿದಾಗ ಸಭೆಯಲ್ಲಿ ನಗೆ ನಿಂತಿತ್ತು.

ಈ ನಲಿ-ಕಲಿಯನ್ನು ಅರಿಯದ ಹಿರಿಯರಿಗಾಗಿ ಒಂದೆರಡು ಮಾತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಪ್ರಾಥಮಿಕ ಶಾಲಾ ಶಿಕ್ಷಕರು, ಆಂಧ್ರದ ಋಷಿವ್ಯಾಲಿಯ ಪದ್ಧತಿಯನ್ನು ಕಂಡುಬಂದು, ತಮ್ಮ ಶಾಲೆಗಳಿಗೆ ಒಗ್ಗುವಂತೆ ರೂಪಿಸಿಕೊಂಡದ್ದು ಇದು. 2009-10ರಿಂದ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಇದರಲ್ಲಿ ಮಕ್ಕಳು ತರಗತಿವಾರು ಸಾಲಾಗಿ ಕೂಡುವುದಿಲ್ಲ. ಬೇರೆ ಬೇರೆ ತರಗತಿಯವರು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕುಳಿತು ಕಾರ್ಡುಗಳನ್ನು ಹಿಡಿದು ಕಲಿಯುತ್ತಾರೆ. ಜ್ವರ ಬಂದು ಎಂಟು ದಿನ ತಪ್ಪಿಸಿಕೊಂಡ ಮಗು ಮರಳಿ ಬಂದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಆ ಪದ್ಧತಿಯ ಸೊಗಸೇ ಅದು. ಆದರೆ ಹದಿನೆಂಟು ತಿಂಗಳಿಗೂ ಮಿಕ್ಕಿ ಬಿಟ್ಟ ಮಗು ಮರಳಿ ಬಂದಾಗ ಏಣಿಯೇ ಇಲ್ಲದ ನಾಲ್ಕನೆಯ ತರಗತಿಯಲ್ಲಿ ಕೂಡಬೇಕಾಯಿತು.

ಭಾಗಾಕಾರ ಬಾರದೆ ಅವಳು ಐದನೆಯ ತರಗತಿಯವರೆಗೂ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಳಂತೆ. ಆ ವರ್ಷ, ಅಂದರೆ 2022-23ರಲ್ಲಿ, ಸರಕಾರ 'ಕಲಿಕಾ ಚೇತರಿಕೆ' ಎಂಬ ಕಾರ್ಯಕ್ರಮ ತಂದಿತ್ತು. ಅದೇ ವರ್ಷದ ಕೊನೆಗೆ ಐದು ಮತ್ತು ಎಂಟನೆಯ ತರಗತಿಗಳಿಗೆ ರಾಜ್ಯಮಟ್ಟದ ಮೌಲ್ಯಾಂಕನವನ್ನೂ ಇಟ್ಟಿತು. ಅದು ನ್ಯಾಯಾಲಯದ ಮೆಟ್ಟಿಲೇರಿ, ಮುಂದೆ ಹೋಗಿ, ಕೊನೆಗೆ ಮಾರ್ಚ್ ಕಡೆಯ ವಾರದಲ್ಲಿ ನಡೆಯಿತು. ಪರೀಕ್ಷೆ ಇದೆ, ಇಲ್ಲ, ಇದೆ ಎಂದು ದಿನಕ್ಕೊಂದು ಸುದ್ದಿ ಕೇಳುತ್ತಿದ್ದ ಆ ಮಕ್ಕಳ ಪಾಡನ್ನು ಯಾರೂ ಬರೆದಿಡಲಿಲ್ಲ. ಹುಡುಗಿಯೂ ಪರೀಕ್ಷೆಯ ಮಾತನ್ನು ಹೆಚ್ಚು ಬೆಳೆಸಲಿಲ್ಲ. ಅವಳ ನೆನಪಿನಲ್ಲಿ ನಿಂತದ್ದು ಬೇರೆ. ಒಬ್ಬ ಅಕ್ಕೋರು ಸಂಜೆ ಶಾಲೆ ಬಿಟ್ಟ ಮೇಲೆ ಅವಳನ್ನೂ ಇನ್ನೂ ನಾಲ್ವರನ್ನೂ ನಲಿ-ಕಲಿ ಕೋಣೆಗೆ ಕರೆದೊಯ್ದು, ಸಣ್ಣ ಮಕ್ಕಳ ಗಿಡ್ಡ ಮೇಜಿನ ಸುತ್ತ ಕೂಡಿಸಿ, ಹುಣಸೆಬೀಜ ಹಂಚಿ ಭಾಗಾಕಾರ ಕಲಿಸಿದರಂತೆ. "ಯಾರಿಗೂ ಹೇಳಬ್ಯಾಡ್ರಿ ಅಂತ ನಾವು ಕೇಳಿಕೊಂಡಿದ್ವಿ. ಅಕ್ಕೋರು ಇವತ್ತಿನ ತನಕ ಯಾರಿಗೂ ಹೇಳಿಲ್ಲ. ನಾನs ಈಗ ಹೇಳೇನಿ" ಎಂದಳು. ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಅಕ್ಕೋರು ಸೆರಗನ್ನು ಕಣ್ಣಿಗೆ ಒತ್ತಿಕೊಂಡರು.

ಊಟದ ಸಾಲಿನ ಮಾತನ್ನೂ ಆಡಿದಳು. ಅಕ್ಷರ ದಾಸೋಹದ ಊಟದಲ್ಲಿ ಮೊಟ್ಟೆ ತಿನ್ನುವವರ ಸಾಲು ಬೇರೆ, ಬಾಳೆಹಣ್ಣಿನವರ ಸಾಲು ಬೇರೆ ಆದಾಗ, ಇವಳೂ ಇವಳ ಗೆಳತಿಯೂ ಬೇರೆಬೇರೆ ಸಾಲಿಗೆ ಬಿದ್ದರು. ಇಬ್ಬರೂ ಯೋಚನೆ ಮಾಡಿ ಒಂದು ಸಾಲಿನ ಕೊನೆಗೆ ಒಬ್ಬಳು, ಇನ್ನೊಂದರ ಮೊದಲಿಗೆ ಇನ್ನೊಬ್ಬಳು ಕೂಡುವಂತೆ ಮಾಡಿಕೊಂಡರಂತೆ. ದಾಸೋಹ ಎಂಬ ಪದವನ್ನು ನಾವು ಎಷ್ಟೋ ಸಭೆಗಳಲ್ಲಿ ವಿವರಿಸಿದ್ದೇವೆ. ಆ ದಿನ ಸುಮ್ಮನೆ ಕುಳಿತೆವು.

ಸಂಜೆ ತಂಗಿಯ ಮನೆಯ ಪಡಸಾಲೆಯಲ್ಲಿ ಬೇರೆಯೇ ಮಾತು ನಡೆದಿತ್ತು. ಆ ಊರಲ್ಲಿ ಹೈಸ್ಕೂಲಿಲ್ಲ. ಏಳು ಕಿಲೋಮೀಟರ್ ದೂರದ ಊರಿಗೆ ಹೋಗಬೇಕು. ಶಿಕ್ಷಣದ ಹಕ್ಕಿನ ಕಾಯ್ದೆ 2010ರಿಂದ ಜಾರಿಯಲ್ಲಿದ್ದು, ಎಂಟನೆಯ ತರಗತಿಯವರೆಗಿನ ಓದನ್ನು ಮಗುವಿನ ಹಕ್ಕೆಂದು ಹೇಳುತ್ತದೆ. ಆದರೆ ನಮ್ಮ ಬಹಳಷ್ಟು ಹಳ್ಳಿಗಳಲ್ಲಿ ಶಾಲೆ ಏಳಕ್ಕೇ ಮುಗಿಯುತ್ತದೆ. ಹಕ್ಕು ಇನ್ನೂ ಒಂದು ವರ್ಷ ಉಳಿದಿರುವಾಗಲೇ ನಾವು ಹಾರ ಹಾಕಿ ಬೀಳ್ಕೊಡುತ್ತೇವೆ. ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಆರಂಭವಾಗಿ ಎಷ್ಟೋ ಹೆಣ್ಣುಮಕ್ಕಳನ್ನು ಹೈಸ್ಕೂಲು ಮುಟ್ಟಿಸಿತ್ತು; ಕೊರೋನಾ ಕಾಲದಲ್ಲಿ ಅದು ನಿಂತಿತು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಟಿಕೇಟಿನ ಖರ್ಚೇನೋ ಇಲ್ಲ. ಹುಡುಗಿಯ ತಂದೆಯ ಚಿಂತೆ ಟಿಕೇಟಿನದಲ್ಲ. ಸಂಜೆಯ ಬಸ್ಸು ಆರೂವರೆಗೆ ಬರುತ್ತದೆ. ಚಳಿಗಾಲದಲ್ಲಿ ಆ ಹೊತ್ತಿಗೆ ಕತ್ತಲೆ. ನಿಲ್ದಾಣ ಊರ ಹೊರಗೆ. "ಒಂದು ವರ್ಷ ಮನ್ಯಾಗಿರಲಿ, ಮುಂದ ನೋಡಿದರಾತು" ಎಂದು ಅವನು ಮೆಲ್ಲಗೆ ಹೇಳಿದ. ಕೆಟ್ಟವನಲ್ಲ ಅವನು. ಮಗಳ ಭಾಷಣ ಕೇಳಿ ಎಲ್ಲರಿಗಿಂತ ಹೆಚ್ಚು ಚಪ್ಪಾಳೆ ತಟ್ಟಿದವನು ಅವನೇ.

ನಾವು ತಂಗಿಯ ಮುಖ ನೋಡಲಾರದೆ ಹೋದೆವು. ಅದಕ್ಕೆ ಕಾರಣವಿದೆ. 1968ರಲ್ಲಿ ಅವಳೂ ಏಳನೆಯ ತರಗತಿ ಮುಗಿಸಿದ್ದಳು. ಜನರ ಬಾಯಲ್ಲಿ ಅದಕ್ಕೆ ಆಗ ಮುಲ್ಕಿಯೆಂಬ ಹಳೆಯ ಹೆಸರೇ ಇತ್ತು. ಮುಂಬಯಿ ಪ್ರಾಂತದ ಕಾಲದಲ್ಲಿ ಮುಲ್ಕಿ ಪಾಸಾದವರು ಕನ್ನಡ ಶಾಲೆಯ ಮಾಸ್ತರರೇ ಆಗುತ್ತಿದ್ದರು. ಹೀಗಾಗಿ ಹೆಣ್ಣುಮಗಳಿಗೆ ಇಷ್ಟು ಸಾಕೆಂದು ಹಿರಿಯರಿಗೆ ಅನಿಸಿತು. ಓದಿನಲ್ಲಿ ಅವಳು ನಮಗಿಂತ ಚುರುಕು. ನಮ್ಮ ಲೆಕ್ಕಗಳನ್ನು ಎಷ್ಟೋ ಸಲ ಅವಳೇ ಬಿಡಿಸಿಕೊಟ್ಟದ್ದುಂಟು. ಹೈಸ್ಕೂಲು ಐದು ಮೈಲು ದೂರ. ಮನೆಯಲ್ಲಿದ್ದದ್ದು ಒಂದು ಸೈಕಲ್ಲು. ಅದರ ಮೇಲೆ ನಾವು ಹೋದೆವು. ಹಿಂದಿನ ಕ್ಯಾರಿಯರ್ ಬರಿದಾಗಿಯೇ ಇರುತ್ತಿತ್ತು. ಅವಳನ್ನು ಕೂಡಿಸಿಕೊಂಡು ಹೋಗುತ್ತೇನೆಂದು ಅಪ್ಪನಿಗೆ ಒಂದು ಮಾತು ಹೇಳಬಹುದಾಗಿತ್ತು. ಹೇಳಲಿಲ್ಲ. ಐವತ್ತೇಳು ವರ್ಷ ಅವಳೂ ಆ ಮಾತು ಎತ್ತಲಿಲ್ಲ.

ಅಂದೂ ಎತ್ತಲಿಲ್ಲ. ಅಕ್ಕಿ ಆರಿಸುತ್ತಿದ್ದವಳು ಮೊರವನ್ನು ಪಕ್ಕಕ್ಕಿಟ್ಟು, "ಬಸ್ ಎಷ್ಟಕ್ಕ ಬರತೈತಿ ಅಂದಿ?" ಎಂದು ಮಗನನ್ನು ಕೇಳಿದಳು.

"ಆರೂವರಿಗೆ."

"ನಾ ಆರಕ್ಕ ಹೋಗಿ ಕುಂದರತೀನಿ" ಎಂದಳು. ಮತ್ತೆ ಮೊರ ಎತ್ತಿಕೊಂಡಳು.

ಜೂನ್ ತಿಂಗಳಲ್ಲಿ ಬೇರೆ ಕೆಲಸದ ಮೇಲೆ ಆ ದಾರಿಯಲ್ಲಿ ಹೋಗುವ ಪ್ರಸಂಗ ಬಂತು. ಸಣ್ಣಗೆ ಮಳೆ ಹನಿಯುತ್ತಿತ್ತು. ನಿಲ್ದಾಣದ ಕಲ್ಲಿನ ಮೇಲೆ ಕೊಡೆ ಹಿಡಿದು ತಂಗಿ ಕುಳಿತಿದ್ದಳು. ಬಸ್ಸು ತಡವಾಗಿತ್ತು. ನಾವೂ ಇಳಿದು ಅವಳ ಪಕ್ಕದಲ್ಲಿ ಕುಳಿತೆವು.