ಚಿಗರಿಯ ನೆತ್ತರು ನುಡಿಯುವ ಸಾಕ್ಷ್ಯ



ಆದವಾನಿ, ಆಲೂರು, ಆಸ್ಪರಿ ಸೀಮೆಯ ಎರೆಹೊಲಗಳಲ್ಲಿ ಚಿಗರಿಗಳ ಹಿಂಡು ಹೊಸ ನೋಟವಲ್ಲ. ಗ್ರಂಥಗಳು ಕೃಷ್ಣಮೃಗವೆಂದು ಕರೆಯುವುದು ಈ ಪ್ರಾಣಿಯನ್ನೇ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ರಾಜ್ಯಕ್ಕೆ ಸೇರಿದವು. ಆ ಗಡಿಗೆರೆ ನಮಗೆ ತಿಳಿಯಿತೇ ಹೊರತು ಚಿಗರಿಗೆ ತಿಳಿಯಲಿಲ್ಲ, ಅದರ ಮೈಮೇಲಿನ ಉಣ್ಣೆಗೂ ತಿಳಿಯಲಿಲ್ಲ.

ಮೊಳೆತ ಬೆಳೆಯನ್ನು ಚಿಗರಿ ಮೇಯುವುದೆಂಬ ರೈತನ ದೂರು ನ್ಯಾಯವಾದುದು. ಆದರೆ ಕೊಟ್ಟಿಗೆಯ ಎತ್ತು ಜ್ವರದಿಂದ ಮಲಗಿದಾಗಲೂ "ಇದೂ ಚಿಗರಿಯದೇ ಕೆಲಸ" ಎನ್ನುವುದು ಬೇರೆ ಮಾತು. ತರಗತಿಯಲ್ಲಿ ಬಳಪ ಕಳೆದರೆ ಹೊಸದಾಗಿ ಸೇರಿದ ಬಾಲಕನ ಮೇಲೆಯೇ ಮೊದಲ ಸಂಶಯ ಬೀಳುವುದುಂಟು. ಸಂಶಯ ತಪ್ಪಲ್ಲ, ವಿಚಾರಣೆಯಿಲ್ಲದೆ ತೀರ್ಪು ಕೊಡುವುದು ತಪ್ಪು. ಈ ವಿಚಾರಣೆಯನ್ನು ವಿಜ್ಞಾನವು ಹೇಗೆ ನಡೆಸುತ್ತದೆ ಎಂಬುದನ್ನು ಈ ತಿಂಗಳು ನೋಡೋಣ.

ಉಣ್ಣೆಗಳು ಹರಡುವ ಬ್ಯಾಕ್ಟೀರಿಯಾಗಳಲ್ಲಿ ಅನಾಪ್ಲಾಸ್ಮಾ ಮುಖ್ಯವಾದುದು. 1910ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಆರ್ನಾಲ್ಡ್ ಥೈಲರ್ ಇದನ್ನು ಗುರುತಿಸಿದರು. ಇದು ದನದ ಕೆಂಪು ರಕ್ತಕಣಗಳೊಳಗೆ ಬೆಳೆಯುತ್ತದೆ. ದನಕ್ಕೆ ಜ್ವರ ಬರುತ್ತದೆ; ಒಸಡು ಮೊದಲು ಬಿಳಿಚಿ ಬಳಿಕ ಹಳದಿಯಾಗುತ್ತದೆ; ಹಾಲು ಇಳಿಯುತ್ತದೆ. ಉಣ್ಣೆಯಿಂದಲೇ ಬರುವ ಬಬೇಸಿಯಾ ರೋಗದಲ್ಲಿ ಮೂತ್ರ ಕೆಂಪಾಗುತ್ತದೆ, ಇದರಲ್ಲಿ ಹಾಗಾಗುವುದಿಲ್ಲ. ಚೇತರಿಸಿಕೊಂಡ ದನವೂ ರೋಗಾಣುವನ್ನು ಬಹುಕಾಲ ನೆತ್ತರಿನಲ್ಲಿ ಉಳಿಸಿಕೊಂಡಿರುತ್ತದೆ. ನೋಡುವವರಿಗೆ ಅದು ಆರೋಗ್ಯವಾಗಿಯೇ ಕಾಣುತ್ತದೆ.

ಕಾಡುಪ್ರಾಣಿಗಳಲ್ಲಿಯೂ ಹೀಗೆ ಆಗಬಲ್ಲುದು. ಆಫ್ರಿಕದ ಕೆಲವು ಜಾತಿಯ ಹುಲ್ಲೆಗಳು, ಅಮೆರಿಕದ ಪಶ್ಚಿಮ ಭಾಗದ ಜಿಂಕೆಗಳು ಯಾವ ರೋಗಲಕ್ಷಣವೂ ಇಲ್ಲದೆ ಅನಾಪ್ಲಾಸ್ಮಾವನ್ನು ಹೊತ್ತಿರುವುದು ಕಂಡುಬಂದಿದೆ. ಅಂದಿನ ವಿಧಾನ ವಿಚಿತ್ರವಾದುದು. ಗುಲ್ಮವನ್ನು ಶಸ್ತ್ರಕ್ರಿಯೆಯಿಂದ ತೆಗೆದ ಕರುವಿಗೆ ಜಿಂಕೆಯ ರಕ್ತವನ್ನು ಚುಚ್ಚುತ್ತಿದ್ದರು. ಗುಲ್ಮದ ಕಾವಲಿಲ್ಲದ ಆ ಕರುವಿನಲ್ಲಿ, ಅಡಗಿದ್ದ ರೋಗಾಣುಗಳು ಹೆಚ್ಚಿ ಬಯಲಿಗೆ ಬರುತ್ತಿದ್ದವು.

ಇಂದು ಮೂರು ಬಗೆಯ ಪರೀಕ್ಷೆಗಳಿವೆ. ಮೊದಲನೆಯದು ಕಣ್ಣಿನ ಸಾಕ್ಷ್ಯ. ಗಾಜಿನ ಪಟ್ಟಿಯ ಮೇಲೆ ರಕ್ತವನ್ನು ತೆಳುವಾಗಿ ಸವರಿ, ಗೀಮ್ಸಾ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ರಕ್ತಕಣದ ಅಂಚಿನಲ್ಲಿ ಚುಕ್ಕೆಗಳು ಕಾಣುತ್ತವೆ. ರೋಗಾಣುಗಳು ವಿರಳವಾಗಿದ್ದರೆ ಇದು ಸಾಲದು. ಎರಡನೆಯದು ಹೆಜ್ಜೆಗುರುತಿನ ಸಾಕ್ಷ್ಯ. ರೋಗಾಣುವಿನ ವಿರುದ್ಧ ದೇಹವು ಸಿದ್ಧಪಡಿಸಿದ ಪ್ರತಿಕಾಯಗಳನ್ನು ಇಲ್ಲಿ ಹುಡುಕುತ್ತಾರೆ. ಕಳ್ಳ ಬಂದಿದ್ದನೆಂದು ಹೆಜ್ಜೆ ಹೇಳೀತು, ಇನ್ನೂ ಮನೆಯೊಳಗಿದ್ದಾನೆಂದು ಹೇಳದು. ಮೂರನೆಯದು ಪಿಸಿಆರ್. 1983ರಲ್ಲಿ ಕ್ಯಾರಿ ಮಲ್ಲಿಸ್ ಯೋಚಿಸಿದ ಈ ವಿಧಾನದಿಂದ ರೋಗಾಣುವಿನ ವಂಶಧಾತುವಿನ ಒಂದು ತುಣುಕನ್ನೇ ಲಕ್ಷಾಂತರ ಪ್ರತಿಗಳಾಗಿ ಹೆಚ್ಚಿಸಿ ಗುರುತಿಸಬಹುದು.

ಪರೀಕ್ಷೆಗಿಂತ ಕಷ್ಟವಾದುದು ರಕ್ತವನ್ನು ಪಡೆಯುವುದು. ಚಿಗರಿಯನ್ನು ಅಟ್ಟಿ ಹಿಡಿಯಲಾಗದು. ಬಹಳವಾಗಿ ಬೆನ್ನಟ್ಟಿದರೆ ಭಯ ಮತ್ತು ಬಳಲಿಕೆಯಿಂದ ಅದರ ಸ್ನಾಯುಗಳೇ ಹಾಳಾಗಿ, ಕೈಗೆ ಸಿಕ್ಕ ಮೇಲೂ ಸಾಯಬಹುದು. ಆದುದರಿಂದ ನುರಿತ ಪಶುವೈದ್ಯರು ಅರಿವಳಿಕೆಯ ಸೂಜಿಬಾಣ ಬಿಟ್ಟು, ಕಣ್ಣಿಗೆ ಬಟ್ಟೆ ಕಟ್ಟಿ, ಕತ್ತಿನ ರಕ್ತನಾಳದಿಂದ ಸ್ವಲ್ಪ ರಕ್ತ ತೆಗೆಯುತ್ತಾರೆ. ಮೈಮೇಲಿನ ಉಣ್ಣೆಗಳನ್ನೂ ಆಯ್ದುಕೊಳ್ಳುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಚಿಗರಿ ರಕ್ಷಿತ ಪ್ರಾಣಿ. ಅನುಮತಿಯಿಲ್ಲದೆ ಯಾರೂ ಇದಕ್ಕೆ ಕೈಹಾಕುವಂತಿಲ್ಲ.

ಎಷ್ಟು ಚಿಗರಿಗಳನ್ನು ಪರೀಕ್ಷಿಸಬೇಕು? ಇದು ಲೆಕ್ಕದ ಪ್ರಶ್ನೆ. ಮನೆಯ ಮಕ್ಕಳಿಗೆ ಕೊಟ್ಟು ನೋಡಿರಿ. ದೊಡ್ಡ ಹಿಂಡಿನಲ್ಲಿ ನೂರಕ್ಕೆ 5ಕ್ಕೆ ಸೋಂಕಿದೆಯೆನ್ನೋಣ. 10ನ್ನು ಮಾತ್ರ ಪರೀಕ್ಷಿಸಿದರೆ ಒಂದೂ ಸಿಗದೆ ಹೋಗುವ ಸಂಭವ ನೂರಕ್ಕೆ ಸುಮಾರು 60. ನೂರಕ್ಕೆ 95ರಷ್ಟು ಭರವಸೆ ಬೇಕಾದರೆ 59 ಪ್ರಾಣಿಗಳ ರಕ್ತ ಬೇಕು. ನಾಲ್ಕಾರು ಚಿಗರಿಗಳನ್ನು ನೋಡಿ ರೋಗವಿಲ್ಲವೆನ್ನುವುದು, ನಾಲ್ಕಾರು ದನ ಸತ್ತುದನ್ನು ನೋಡಿ ಚಿಗರಿಯೇ ಕಾರಣವೆನ್ನುವುದು, ಎರಡೂ ಅವಸರದ ಮಾತುಗಳೇ.

ರೋಗಾಣು ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಆಗಲೂ ಯಾರಿಂದ ಯಾರಿಗೆ ಎಂಬ ಪ್ರಶ್ನೆ ಉಳಿಯುತ್ತದೆ. ಒಂದೇ ಬಯಲಿನಲ್ಲಿ ಮೇಯುವಾಗ ನಮ್ಮ ದನದ ಉಣ್ಣೆಯ ಸಂತತಿ ಚಿಗರಿಗೂ ಹತ್ತಬಹುದು. ಅದೇ ಬಯಲಿನ ದನಗಳ ರಕ್ತವನ್ನೂ ಉಣ್ಣೆಗಳನ್ನೂ ಜೊತೆಯಲ್ಲಿಟ್ಟು ಹೋಲಿಸದೆ ಉತ್ತರ ದೊರೆಯದು. ಇನ್ನೊಂದು ದಾರಿಯುಂಟು: ರಕ್ತ ಹೀರುವ ನೊಣಗಳು ಮತ್ತು ಒಂದೇ ಸೂಜಿಯಿಂದ ಹಲವು ದನಗಳಿಗೆ ಚುಚ್ಚುವ ಅಭ್ಯಾಸವೂ ಈ ರೋಗವನ್ನು ಹರಡುತ್ತವೆ. ಆ ಸೂಜಿ ಚಿಗರಿಯ ಕೈಯಲ್ಲಿಲ್ಲ.

ಕಾಡಿನ ಸಾವನ್ನು ಅಲಕ್ಷಿಸಲಾಗದೆಂಬುದಕ್ಕೆ ಕನ್ನಡ ನಾಡಿನಲ್ಲಿಯೇ ನಿದರ್ಶನವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಸುತ್ತಲಿನ ಜನರೂ ಜ್ವರದಿಂದ ಸತ್ತರು. ಅದು ಬ್ಯಾಕ್ಟೀರಿಯಾ ಅಲ್ಲ, ವೈರಸ್. ಆದರೆ ತಂದದ್ದು ಉಣ್ಣೆಯೇ. ಇಂದಿಗೂ ಮಲೆನಾಡಿನಲ್ಲಿ ಮಂಗ ಸತ್ತರೆ ಆರೋಗ್ಯ ಇಲಾಖೆ ಎಚ್ಚೆತ್ತುಕೊಳ್ಳುತ್ತದೆ.

ಆದುದರಿಂದ ಗೃಹಸ್ಥರಲ್ಲಿ ನನ್ನ ವಿನಂತಿ ಇಷ್ಟು. ದನಗಳ ಉಣ್ಣೆಯನ್ನು ಪಶುವೈದ್ಯರ ಸಲಹೆಯಂತೆ ನಿವಾರಿಸಿರಿ. ದನಕ್ಕೊಂದು ಹೊಸ ಸೂಜಿಯನ್ನೇ ಕೇಳಿರಿ. ಒಸಡು ಬಿಳಿಚಿದ ದನಕ್ಕೆ ತಡಮಾಡದೆ ರಕ್ತಪರೀಕ್ಷೆ ಮಾಡಿಸಿರಿ. ಹೊತ್ತಿಗೆ ಸರಿಯಾಗಿ ಟೆಟ್ರಾಸೈಕ್ಲಿನ್ ಜಾತಿಯ ಔಷಧ ಕೊಟ್ಟರೆ ಅನಾಪ್ಲಾಸ್ಮಾ ರೋಗ ವಾಸಿಯಾಗುವುದುಂಟು. ಹೊಲದಲ್ಲಿ ಸತ್ತ ಚಿಗರಿ ಕಂಡರೆ ಮುಟ್ಟಬೇಡಿರಿ, ಮಕ್ಕಳನ್ನು ಬಿಡಬೇಡಿರಿ. ಅರಣ್ಯ ಇಲಾಖೆಗೂ ಪಶುವೈದ್ಯರಿಗೂ ಅಂದೇ ತಿಳಿಸಿರಿ. ಜೀವಂತ ಚಿಗರಿಯಿಂದ ಕಷ್ಟಪಟ್ಟು ಪಡೆಯಬೇಕಾದ ಸಾಕ್ಷ್ಯ ಅಲ್ಲಿ ತಾನಾಗಿ ದೊರೆಯುತ್ತದೆ. ಒಂದು ದಿನ ತಡವಾದರೆ ನಮ್ಮ ಬಿಸಿಲು ಅದನ್ನು ಅಳಿಸಿಬಿಡುತ್ತದೆ.