ಬೀಳ್ಕೊಡುಗೆಯ ದಿನದ ಚೆಂಡು

ಫೆಬ್ರವರಿಯ ಒಂದು ಸಂಜೆ ಟಿ.ಬಿ. ಡ್ಯಾಮಿನ ವಸತಿಗಳ ನಡುವೆ ತಿರುಗಾಡಲು ಹೊರಟಿದ್ದೆ. ದಾರಿಯಲ್ಲಿ ಶಾಲೆಯೊಂದರ ಅಂಗಳ. ಅಂದು ಹತ್ತನೆಯ ತರಗತಿಯವರಿಗೆ ಬೀಳ್ಕೊಡುಗೆ. ಭಾಷಣಗಳು ಮುಗಿದಿದ್ದವು, ಗುಂಪಿನ ಭಾವಚಿತ್ರ ತೆಗೆದಾಗಿತ್ತು, ಶಾಮಿಯಾನದ ಕಂಬಗಳನ್ನು ಕಳಚುತ್ತಿದ್ದರು. ಆ ಗದ್ದಲದಿಂದ ದೂರದಲ್ಲಿ, ಬ್ಯಾಸ್ಕೆಟ್‌ಬಾಲ್ ಅಂಕಣದ ಗೆರೆಯ ಮೇಲೆ, ತಾಯಿಯದೆಂದು ತೋರುವ ರೇಷ್ಮೆ ಸೀರೆಯನ್ನುಟ್ಟ ಹುಡುಗಿಯೊಬ್ಬಳು ನಿಂತಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿಗಳನ್ನು ಹೊರಗೆ ಬಿಟ್ಟು, ಚೆಂಡನ್ನು ಬುಟ್ಟಿಗೆ ಎಸೆಯುತ್ತಿದ್ದಳು. ಎರಡು ಸಲ ತಪ್ಪಿತು. ಮೂರನೆಯ ಸಲ ಬಿದ್ದಿತು. ಚೆಂಡನ್ನು ಕಿರಿಯ ತರಗತಿಯ ಹುಡುಗಿಯೊಬ್ಬಳ ಕೈಗೆ ಕೊಟ್ಟು ಬಂದಳು.

“ಕಾಲೇಜಿನಲ್ಲಿಯೂ ಆಡುತ್ತೀಯಲ್ಲವೇನಮ್ಮ?” ಎಂದು ಕೇಳಿದೆ.

“ಕಾಲೇಜಿಗೆ ಹೋದ ಮ್ಯಾಲೆ ಯಾರು ಆಡಾಕ ಬಿಡ್ತಾರ್ರೀ ಸರ?” ಎಂದಳು.

ಮಾತಿನಲ್ಲಿ ದೂರಿರಲಿಲ್ಲ, ಉಂಡ ಎಲೆಯನ್ನು ಎತ್ತುವಷ್ಟು ಸಹಜವಾಗಿ ಹೇಳಿದಳು. ಆ ಸಹಜತೆಯೇ ನನ್ನನ್ನು ಕಾಡಿತು.

ಹತ್ತನೆಯ ತರಗತಿಯೆಂದರೆ ನಮ್ಮ ಮನೆಗಳಲ್ಲಿ ಒಂದು ವ್ರತ. ಟೆಲಿವಿಷನ್ ಮುಚ್ಚುತ್ತದೆ, ನೆಂಟರ ಮನೆಯ ಮದುವೆಗೆ ಹೋಗುವುದು ನಿಲ್ಲುತ್ತದೆ, ಎಲ್ಲಕ್ಕಿಂತ ಮೊದಲು ಆಟ ನಿಲ್ಲುತ್ತದೆ. ‘ಆಡಿದ್ದು ಸಾಕು, ಇನ್ನು ಓದು’ ಎಂಬುದು ಈ ವ್ರತದ ಸಂಕಲ್ಪವಾಕ್ಯ. ತಾಯಿತಂದೆಗಳನ್ನು ಇದಕ್ಕಾಗಿ ಹಳಿಯುವುದು ನ್ಯಾಯವಲ್ಲ. ಕಂಪ್ಲಿಯ ಗದ್ದೆಯಲ್ಲಿ ಕೂಲಿ ಮಾಡುವವನಿಗೆ, ಸಂಡೂರಿನ ಗಣಿಗೆ ಲಾರಿ ಓಡಿಸುವವನಿಗೆ, ಮಗುವಿನ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯೊಂದೇ ಮೇಲೇರುವ ಏಣಿ. ಆ ಅಂಕಪಟ್ಟಿಯ ಒಟ್ಟು ೬೨೫. ಅದರಲ್ಲಿ ಬ್ಯಾಸ್ಕೆಟ್‌ಬಾಲಿಗೆ ಒಂದು ಅಂಕವೂ ಇಲ್ಲ. ಲೆಕ್ಕವೇನೋ ಸರಿ. ಆದರೆ ಲೆಕ್ಕಕ್ಕೆ ಬಾರದುದೆಲ್ಲ ನಿರರ್ಥಕವೆಂದು ತಿಳಿಯುವುದು ಸರಿಯೆ?

ಈ ಆಟ ಹುಟ್ಟಿದ್ದೇ ಒಂದು ಶಾಲೆಯ ಸಂಕಟದಿಂದ. ೧೮೯೧ರ ಡಿಸೆಂಬರ್ ತಿಂಗಳಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದ ವೈ.ಎಂ.ಸಿ.ಎ. ಶಿಕ್ಷಣ ಶಾಲೆಯಲ್ಲಿ, ಚಳಿಗೆ ಹೊರಗೆ ಹೋಗಲಾರದೆ ಒಳಗೆ ಪುಂಡಾಟ ನಡೆಸುತ್ತಿದ್ದ ತರುಣರನ್ನು ಸಂಭಾಳಿಸುವ ಕೆಲಸ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರ ಪಾಲಿಗೆ ಬಂದಿತು. ಅವರು ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಎತ್ತರಕ್ಕೆ ಮೊಳೆ ಹೊಡೆದು ಕಟ್ಟಿಸಿ, ೧೩ ನಿಯಮಗಳನ್ನು ಬರೆದು ಗೋಡೆಗೆ ಅಂಟಿಸಿದರು. ಅಂದಿನ ಹತ್ತು ಅಡಿಯ ಎತ್ತರ ಇಂದಿಗೂ ಬದಲಾಗಿಲ್ಲ. ಗುರಿಯನ್ನು ತಲೆಯ ಮೇಲಕ್ಕೆ ಏರಿಸಿದುದರಲ್ಲಿ ಆ ಉಪಾಧ್ಯಾಯರ ಜಾಣ್ಮೆಯಿದೆ. ಗುರಿ ನೆಲದ ಮೇಲಿದ್ದರೆ ಬಲಶಾಲಿಯು ರಭಸದಿಂದ ಹೊಡೆಯುತ್ತಾನೆ. ಮೇಲಿದ್ದರೆ ಚೆಂಡನ್ನು ಕಮಾನಿನಂತೆ ಮೃದುವಾಗಿ ತೂರಲೇಬೇಕು. ಚೆಂಡನ್ನು ಹಿಡಿದುಕೊಂಡು ಓಡುವುದನ್ನೂ ಅವರು ನಿಷೇಧಿಸಿದರು. ಓಡಬೇಕಾದರೆ ನೆಲಕ್ಕೆ ಪುಟಿಸಬೇಕು, ಇಲ್ಲವೆ ಜೊತೆಗಾರನಿಗೆ ಕೊಡಬೇಕು. ಹಿಡಿದಿಟ್ಟುಕೊಳ್ಳುವುದೇ ತಪ್ಪೆಂದು ಹೇಳುವ ಆಟ ಇದು.

ಹದಿನಾರರ ಹೊಸ್ತಿಲಿನಲ್ಲಿ ನಿಂತ ವಿದ್ಯಾರ್ಥಿಗೆ ಇದಕ್ಕಿಂತ ಉಚಿತವಾದ ಪಾಠ ಯಾವುದಿದೆ? ತರಗತಿಯಲ್ಲಿ ಅವನು ಕಲಿಯುವುದು ತನ್ನ ಉತ್ತರವನ್ನು ಪಕ್ಕದವನಿಗೆ ಕಾಣದಂತೆ ಮರೆಮಾಡುವುದನ್ನು. ಅಂಕಣದಲ್ಲಿ ಕಲಿಯುವುದು ತನಗಿಂತ ಅನುಕೂಲವಾದ ಜಾಗದಲ್ಲಿ ನಿಂತವನನ್ನು ಕ್ಷಣಮಾತ್ರದಲ್ಲಿ ಗುರುತಿಸಿ ಅವನಿಗೆ ಚೆಂಡನ್ನು ಬಿಟ್ಟುಕೊಡುವುದನ್ನು. ಪರೀಕ್ಷೆಯಲ್ಲಿ ತಪ್ಪಿದ ಉತ್ತರ ಅಂಕಪಟ್ಟಿಯಲ್ಲಿ ಶಾಶ್ವತವಾಗಿ ಕೂಡುತ್ತದೆ. ಇಲ್ಲಿ ತಪ್ಪಿದ ಎಸೆತಕ್ಕಾಗಿ ಹಣೆ ಚಚ್ಚಿಕೊಳ್ಳಲು ವೇಳೆಯಿಲ್ಲ. ಚೆಂಡು ಎದುರಾಳಿಯ ಕೈ ಸೇರುವ ಮೊದಲೇ ಹಿಂದಕ್ಕೆ ಓಡಿ ಸ್ವಂತ ಬುಟ್ಟಿಯನ್ನು ಕಾಯಬೇಕು. ಸೋಲನ್ನು ಹೀಗೆ ಬೆವರಿನೊಡನೆ ಒರೆಸಿ ಹಾಕುವ ಅಭ್ಯಾಸವನ್ನು ಫಲಿತಾಂಶದ ದಿನಕ್ಕಿಂತ ಮುಂಚೆಯೇ ಕಲಿತಿರುವುದು ಲೇಸು. ಆ ದಿನಗಳ ಪತ್ರಿಕೆಗಳಲ್ಲಿ ನಾವು ಓದುವ ದಾರುಣ ವಾರ್ತೆಗಳನ್ನು ನೆನೆದರೆ ಈ ಮಾತು ಅತಿಯೆನಿಸದು.

ಒಬ್ಬಂಟಿಯಾಗಿ ನಿಲ್ಲುವ ಗಳಿಗೆಯೂ ಈ ಆಟದಲ್ಲಿದೆ. ಎದುರಾಳಿ ತಪ್ಪು ಮಾಡಿದಾಗ ಫಲಕದಿಂದ ೪.೬ ಮೀಟರ್ ದೂರದ ಗೆರೆಯಲ್ಲಿ ನಿಂತು ಎಸೆಯುವ ಅವಕಾಶ ದೊರೆಯುತ್ತದೆ. ಯಾರೂ ಅಡ್ಡ ಬರುವಂತಿಲ್ಲ, ಯಾರೂ ನೆರವಾಗುವಂತಿಲ್ಲ; ಇರುವುದು ೫ ಸೆಕೆಂಡು. ಪರೀಕ್ಷೆಯ ಕೊಠಡಿಯಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದ ಗಳಿಗೆಯೂ ಹಾಗೆಯೇ ಅಲ್ಲವೆ? ಆ ಗೆರೆಯ ಮೇಲೆ ಉಸಿರನ್ನು ಹಿಡಿತಕ್ಕೆ ತಂದುಕೊಳ್ಳಬಲ್ಲ ಹುಡುಗಿಗೆ ಆ ಕೊಠಡಿಯಲ್ಲಿಯೂ ಅದು ನೆನಪಾದೀತು.

ಓದಿಗೆ ಅಡ್ಡಿಯಾಗುವುದೆಂಬ ಆಕ್ಷೇಪ ಉಳಿಯಿತು. ನಾವು ಕೇಳುತ್ತಿರುವುದು ದಿನಕ್ಕೆ ಒಂದು ಗಂಟೆ. ೫ರಿಂದ ೧೭ ವರ್ಷದವರು ದಿನಕ್ಕೆ ಸರಾಸರಿ ೬೦ ನಿಮಿಷವಾದರೂ ಮೈದಣಿಯುವಂತೆ ದುಡಿಯಬೇಕು, ಇಲ್ಲವೆ ಆಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರ ತನ್ನ ಸೂಚನೆಗಳಲ್ಲಿ ಹೇಳಿದೆ. ಹತ್ತನೆಯ ತರಗತಿಯವರನ್ನು ಅದು ಹೊರತುಪಡಿಸಿಲ್ಲ. ಇನ್ನು ಅಣೆಕಟ್ಟಿನ ನೆರಳಿನಲ್ಲಿ ಬಾಳುವ ನಮಗೆ ಹೊರಗಿನವರ ಸಾಕ್ಷ್ಯವಾದರೂ ಏಕೆ? ನಮ್ಮ ತುಂಗಭದ್ರೆಯ ಕಟ್ಟೆಗೆ ೩೩ ಗೇಟುಗಳಿವೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ಸರಪಳಿ ತುಂಡಾಗಿ ೧೯ನೆಯ ಗೇಟು ಕೊಚ್ಚಿಹೋದಾಗ, ಕಟ್ಟೆಯ ಮೇಲಣ ಒತ್ತಡವನ್ನು ಇಳಿಸಲು ಉಳಿದವುಗಳನ್ನೂ ತೆರೆದು ನೀರನ್ನು ಹೊರಬಿಟ್ಟುದನ್ನು ನಾವು ಕಂಡಿದ್ದೇವೆ. ತುಂಬಿಸುವುದು ಎಷ್ಟು ಮುಖ್ಯವೋ ಬಿಡುವುದೂ ಅಷ್ಟೇ ಮುಖ್ಯವೆಂದು ಇಲ್ಲಿಯ ಇಂಜಿನಿಯರಿಗೆ ಗೊತ್ತು. ಮನೆಯಲ್ಲಿ ಮಗುವಿನ ವಿಷಯಕ್ಕೆ ಬಂದಾಗ ಅದನ್ನು ನಾವು ಮರೆಯುತ್ತೇವೆ.

ಹುಡುಗಿಯ ಪ್ರಶ್ನೆಗೆ ಮರಳುತ್ತೇನೆ. ಹುಡುಗರು ಹೇಗೋ ಆಡಿಕೊಳ್ಳುತ್ತಾರೆ, ಬೀದಿಯಿದೆ, ಬಯಲಿದೆ. ನಮ್ಮ ಹೆಣ್ಣುಮಕ್ಕಳಲ್ಲಿ ಬಹುಮಂದಿಗೆ ಆಟವೆಂಬುದು ಶಾಲೆಯ ಕಾಂಪೌಂಡಿನೊಳಗಷ್ಟೇ ದೊರೆಯುವ ವಸ್ತು. ಗೇಟು ದಾಟಿದೊಡನೆ ಮುಗಿಯುತ್ತದೆ. ಲೋಕವೂ ಈ ವಿಷಯದಲ್ಲಿ ನಿಧಾನಿಯೇ. ಒಲಿಂಪಿಕ್ಸ್‌ನಲ್ಲಿ ಪುರುಷರ ಬ್ಯಾಸ್ಕೆಟ್‌ಬಾಲ್ ೧೯೩೬ರಲ್ಲಿ ಬರ್ಲಿನ್ನಿನಲ್ಲಿ ನಡೆಯಿತು. ಸ್ತ್ರೀಯರಿಗೆ ಆ ಬಾಗಿಲು ತೆರೆದದ್ದು ೧೯೭೬ರಲ್ಲಿ, ಮಾಂಟ್ರಿಯಲ್‌ನಲ್ಲಿ. ನಲವತ್ತು ವರ್ಷ! ನಮ್ಮ ಪುರುಷರ ತಂಡ ೧೯೮೦ರಲ್ಲಿ ಮಾಸ್ಕೋದಲ್ಲಿ ಆಡಿತು. ಸ್ತ್ರೀಯರ ತಂಡ ಒಲಿಂಪಿಕ್ಸ್ ಅಂಕಣವನ್ನು ಇನ್ನೂ ಮೆಟ್ಟಿಲ್ಲ.

ಪದಕಗಳ ಮಾತು ಬೇರೆ. ಅದಕ್ಕೆಂದೇ ತೋರಣಗಲ್ಲಿನ ಬಳಿ ೨೦೧೮ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ತೆರೆದಿದೆ. ಕುಸ್ತಿ, ಬಾಕ್ಸಿಂಗ್, ಜೂಡೋ, ಅಥ್ಲೆಟಿಕ್ಸ್‌ಗಳ ತರಬೇತಿ ಅಲ್ಲಿ ನಡೆಯುತ್ತದೆ. ಸಂತೋಷವೇ. ಆದರೆ ನಾನು ಹೇಳುತ್ತಿರುವುದು ಎಂದೂ ಪದಕ ಗೆಲ್ಲದವರ ಆಟವನ್ನು ಕುರಿತು. ನಾಳೆ ಶಿಕ್ಷಕಿಯೋ ದಾದಿಯೋ ಗೃಹಿಣಿಯೋ ಆಗಲಿರುವ ಹುಡುಗಿಗೆ ಸಂಜೆಯ ಒಂದು ಗಂಟೆ ಅವಳ ಮೈ ಅವಳದೇ ಆಗಿತ್ತು. ನಾಲ್ವರು ಜೊತೆಗಾರ್ತಿಯರು ಅವಳ ಹೆಸರು ಹಿಡಿದು ಕೂಗಿ ಚೆಂಡು ಕೇಳುತ್ತಿದ್ದರು. ಅದನ್ನು ಅವಳಿಂದ ಹದಿನಾರಕ್ಕೇ ಕಸಿದುಕೊಳ್ಳಲು ನಮಗೆ ಏನು ಅಧಿಕಾರ?

ಪರಿಹಾರ ದುಬಾರಿಯಲ್ಲ. ಕ್ರಿಕೆಟ್ಟಿನ ಬಯಲು ಬೇಡ. ೨೮ ಮೀಟರ್ ಉದ್ದ, ೧೫ ಮೀಟರ್ ಅಗಲದ ನೆಲ ಸಾಕು. ಅಂಕಣವಿರುವ ಶಾಲೆಗಳು ಸಂಜೆಯ ಹೊತ್ತು ತಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಗೇಟು ತೆರೆದಿಡಲಿ. ಕಾಲೇಜುಗಳು ಹುಡುಗಿಯರ ತಂಡವನ್ನು ವಾರ್ಷಿಕೋತ್ಸವಕ್ಕೆಂದು ಕಟ್ಟದೆ ವರ್ಷವಿಡೀ ನಡೆಸಲಿ. ತಾಯಿತಂದೆಗಳು ಹತ್ತನೆಯ ತರಗತಿಯ ವ್ರತದಲ್ಲಿ ಒಂದು ಗಂಟೆಯ ವಿನಾಯಿತಿ ನೀಡಲಿ.

ಆ ಸಂಜೆ ಅವಳ ಪ್ರಶ್ನೆಗೆ ನಾನು ಉತ್ತರಿಸಲಾರದೆ ಹೋದೆ. ಅವಳು ಚಪ್ಪಲಿ ಮೆಟ್ಟಿ, ಸೆರಗನ್ನು ಬಿಡಿಸಿ ಹೆಗಲಿಗೆ ಸರಿಪಡಿಸಿಕೊಂಡು ಗೆಳತಿಯರ ಗುಂಪಿಗೆ ನಡೆದಳು. ಹಿಂದೆ ಅಂಕಣದಲ್ಲಿ ಚೆಂಡು ಪುಟಿಯುವ ಸದ್ದು ಕೇಳುತ್ತಿತ್ತು. ಕಿರಿಯ ಹುಡುಗಿ ಆಡತೊಡಗಿದ್ದಳು. ಅವಳ ಸರದಿ ಬರುವುದರೊಳಗಾದರೂ ಆ ಪ್ರಶ್ನೆಗೆ ನಾವು ಬೇರೆ ಉತ್ತರವನ್ನು ಸಿದ್ಧಮಾಡಿರಬೇಕು.