ಕಾರಿನ ಬೆಲೆಯೂ ಕಾಯಕದ ಅಳತೆಯೂ

ಸಿದ್ದರಬೆಟ್ಟದ ಗುಹೆಯಲ್ಲಿ ನೆಲೆಸಿದ ಸಿದ್ದೇಶ್ವರನ ದರ್ಶನಕ್ಕೆ ಹೋಗುವವರು ಎಂತಹ ವಾಹನದಲ್ಲಿ ಬಂದರೂ ಅದನ್ನು ಬುಡದಲ್ಲಿ ಬಿಟ್ಟು ಕಾಲ್ನಡಿಗೆಯಿಂದಲೇ ಬೆಟ್ಟವನ್ನೇರಬೇಕು. ಐದು ಲಕ್ಷದ ಕಾರಿನವನಿಗೂ ಇಪ್ಪತ್ತು ಲಕ್ಷದ ಕಾರಿನವನಿಗೂ ಬಸ್ಸಿನಿಂದಿಳಿದವನಿಗೂ ಅಲ್ಲಿ ಒಂದೇ ದಾರಿ. ಆದರೆ ಬೆಟ್ಟದಿಂದ ಇಳಿದೊಡನೆ ಈ ಸಮತೆ ಮರೆತುಹೋಗುತ್ತದೆ. ಮನುಷ್ಯನ ಯೋಗ್ಯತೆಯನ್ನು ಅವನ ಕಾರಿನ ಬೆಲೆಯಿಂದ ಅಳೆಯುವ ದುರಭ್ಯಾಸವು ನಮ್ಮ ಸಮಾಜವನ್ನೂ ಹೊಕ್ಕಿದೆ. ಇದನ್ನು ಕಂಡೂ ಮಠದ ಪತ್ರಿಕೆ ಮೌನವಾಗಿರುವುದು ಸಲ್ಲದು.

ಕಾರು ಬೇಡವೆಂದು ನಾವು ಹೇಳುತ್ತಿಲ್ಲ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಸೀಮೆಯ ಹಳ್ಳಿಯೊಂದರಲ್ಲಿ ನಡುರಾತ್ರಿ ವೃದ್ಧ ತಂದೆಗೆ ಎದೆನೋವು ಬಂದರೆ ತುಮಕೂರಿನ ಆಸ್ಪತ್ರೆಗೆ ಕರೆದೊಯ್ಯಲು ವಾಹನ ಬೇಕೇ ಬೇಕು. ಕೆಲಸಕ್ಕೆ, ವ್ಯಾಪಾರಕ್ಕೆ ಒದಗುವ ಕಾರು ಕಾಯಕದ ಉಪಕರಣವೇ ಸರಿ. ನಮ್ಮ ಆಕ್ಷೇಪವೆಲ್ಲ ಅದಕ್ಕೆ ಸುರಿಯುವ ಹಣದ ಮೊತ್ತವನ್ನು ಕುರಿತದ್ದು.

"ಕೈಯಲ್ಲಿ ಹಣವಿಲ್ಲದಿದ್ದರೇನು, ಬ್ಯಾಂಕು ಕೊಡುತ್ತದೆ" ಎನ್ನುವವರುಂಟು. ಲೆಕ್ಕ ನೋಡೋಣ. ಶೇ. 9ರ ಬಡ್ಡಿಯಲ್ಲಿ 10 ಲಕ್ಷ ರೂಪಾಯಿ ಸಾಲವೆತ್ತಿ 7 ವರ್ಷಗಳಲ್ಲಿ ತೀರಿಸಿದರೆ ತಿಂಗಳ ಕಂತು ಸುಮಾರು 16,090 ರೂ. ಒಟ್ಟು ತೆತ್ತದ್ದು ಹದಿಮೂರೂವರೆ ಲಕ್ಷ. ಬಡ್ಡಿಯೊಂದೇ ಮೂರೂವರೆ ಲಕ್ಷ. ಇತ್ತ ವಿಮೆಯ ಲೆಕ್ಕದಲ್ಲಿ ಕಾರಿನ ಮೌಲ್ಯವು ಮೊದಲ ವರ್ಷ ತುಂಬುವುದರೊಳಗೆ ಶೇ. 15ರಷ್ಟೂ, ನಾಲ್ಕು ವರ್ಷ ದಾಟಿದ ಮೇಲೆ ಶೇ. 50ರಷ್ಟೂ ಇಳಿದಿರುತ್ತದೆ. ಅರ್ಧ ಸವೆದ ವಸ್ತುವಿಗೆ ಇನ್ನೂ ಎರಡು ಮೂರು ವರ್ಷ ಕಂತು ಕಟ್ಟುತ್ತಿರಬೇಕು! ಪಾವಗಡದ ಸೌರವಿದ್ಯುತ್ ಉದ್ಯಾನಕ್ಕೆ ರೈತರು ಭೂಮಿಯನ್ನು ಗೇಣಿಗೆ ಕೊಟ್ಟಾಗ ನಿಗದಿಯಾದದ್ದು ಎಕರೆಗೆ ವರ್ಷಕ್ಕೆ 21,000 ರೂ. ಆ ದರದಲ್ಲಿ ಈ ಕಾರಿನ ಕಂತು ಒಂಬತ್ತು ಎಕರೆಯ ಗೇಣಿಯನ್ನು ವರ್ಷವರ್ಷವೂ ನುಂಗುತ್ತದೆ. ಪೆಟ್ರೋಲು, ವಿಮೆ, ದುರಸ್ತಿಗಳ ಮಾತು ಬೇರೆ.

"ಬೆಲೆ ಹೆಚ್ಚಿದರೆ ಸುರಕ್ಷತೆ ಹೆಚ್ಚು" ಎಂಬುದು ಇನ್ನೊಂದು ವಾದ. ಪ್ರಾಣರಕ್ಷಣೆಗೆ ಕೊಡುವ ಹಣ ವ್ಯರ್ಥವಲ್ಲ, ಒಪ್ಪೋಣ. 2023ರಿಂದ ನಮ್ಮ ದೇಶದಲ್ಲಿಯೇ ಭಾರತ್ ಎನ್‌ಕ್ಯಾಪ್ ಪರೀಕ್ಷೆ ನಡೆದು ಕಾರುಗಳಿಗೆ ನಕ್ಷತ್ರಗಳ ಶ್ರೇಣಿ ಸಿಗುತ್ತಿದೆ. ಕೊಳ್ಳುವವರು ಅದನ್ನು ವಿಚಾರಿಸಲಿ. ಆದರೆ ಛಾವಣಿಯ ಗಾಜಿನ ಕಿಂಡಿಗೂ ನೆರೆಯವನ ಕಣ್ಣು ಕುಕ್ಕುವ ಮೈಬಣ್ಣಕ್ಕೂ ಸುರಕ್ಷತೆಯ ಹೆಸರಿಡುವುದು ಆತ್ಮವಂಚನೆ.

"ಶರಣರು ಸಂಪತ್ತನ್ನು ನಿಷೇಧಿಸಲಿಲ್ಲವಲ್ಲ" ಎಂಬುದು ವಿದ್ಯಾವಂತರ ಕೊನೆಯ ಬಾಣ. ನಿಜ, ನಿಷೇಧಿಸಲಿಲ್ಲ, ಅಳತೆಯನ್ನು ಕಲಿಸಿದರು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಮಿಕ್ಕುದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಹಿಂದಿರುಗಿಸಿದ ಪ್ರಸಂಗ ನಮ್ಮ ಮಕ್ಕಳಿಗೂ ಗೊತ್ತು. ಆ ಅಕ್ಕಿ ಕದ್ದದ್ದಾಗಿರಲಿಲ್ಲ, ಸಾಲ ತಂದದ್ದೂ ಆಗಿರಲಿಲ್ಲ. ಅಂದಿನ ಅಗತ್ಯಕ್ಕೆ ಮೀರಿದ್ದಾಗಿತ್ತು, ಅಷ್ಟೇ. ಇನ್ನೂ ದುಡಿಯದ ಏಳು ವರ್ಷದ ಸಂಬಳವನ್ನು ಇಂದೇ ಒತ್ತೆಯಿಡುವ ನಾವು ಆ ತಾಯಿಗೆ ಏನು ಉತ್ತರ ಕೊಡಬಲ್ಲೆವು?

ಆದುದರಿಂದ ಸದ್ಭಕ್ತರ ಮುಂದೆ ಒಂದು ಅಳತೆಯನ್ನಿಡುತ್ತೇವೆ. ಕಾರಿನ ಬೆಲೆಯಲ್ಲಿ ಅರ್ಧವಾದರೂ ಉಳಿತಾಯದಿಂದ ಬರಲಿ. ಸಾಲ ನಾಲ್ಕು ವರ್ಷಕ್ಕೆ ತೀರಲಿ. ಕಂತು ತಿಂಗಳ ಆದಾಯದ ಹತ್ತರಲ್ಲೊಂದು ಪಾಲನ್ನು ಮೀರದಿರಲಿ. ಅರುವತ್ತು ಸಾವಿರ ಗಳಿಸುವವನಿಗೆ ಈ ಲೆಕ್ಕದಲ್ಲಿ ದೊರೆಯುವ ಸಾಲ 2.4 ಲಕ್ಷ, ಅಷ್ಟೇ ಉಳಿತಾಯ ಸೇರಿದರೆ ಐದು ಲಕ್ಷದ ಹತ್ತಿರದ ಕಾರು. ಹೊಸದು ಸಿಗದಿದ್ದರೆ ಒಬ್ಬರು ಬಳಸಿದ ಒಳ್ಳೆಯ ಕಾರನ್ನು ಕೊಳ್ಳಲಿ, ಅದರಲ್ಲಿ ಅವಮಾನವೇನು? ತುಮಕೂರಿನ ರಸ್ತೆ ಎರಡಕ್ಕೂ ಒಂದೇ. ಇನ್ನು ಬೀಗರ ತಲೆಯ ಮೇಲೆ ಕಾರಿನ ಹೊರೆ ಹೊರಿಸುವವರಿಗೆ ಯಾವ ಅಳತೆಯೂ ಬೇಕಿಲ್ಲ. ಅದು ವರದಕ್ಷಿಣೆ, 1961ರ ಕಾಯಿದೆಯಂತೆ ಅಪರಾಧ, ಶರಣಧರ್ಮದಂತೆ ಪಾಪ.

ಈ ಮಾತನ್ನು ಭಕ್ತರಿಗಷ್ಟೇ ಹೇಳಿ ನಾವು ಜಾರಿಕೊಳ್ಳಲಾಗದು. ವಾಹನಪೂಜೆಗೆ ದೊಡ್ಡ ಕಾರು ಬಂದಾಗ ಎದ್ದು ನಿಂತು, ಹಳೆಯ ದ್ವಿಚಕ್ರ ವಾಹನ ಬಂದಾಗ ಕುಳಿತಲ್ಲಿಂದಲೇ ವಿಭೂತಿ ಕೊಡುವ ಮಠದ ಪರಿವಾರವೂ ಈ ವ್ಯಾಮೋಹಕ್ಕೆ ನೀರೆರೆಯುತ್ತಿದೆ. ಭಕ್ತರು ಭಾರಿ ವಾಹನವನ್ನು ಕಾಣಿಕೆಯಾಗಿ ಕೊಡಮುಂದಾದರೆ, ಆ ಹಣದಲ್ಲಿ ಎಷ್ಟು ಮಕ್ಕಳ ಪ್ರಸಾದ ನಡೆದೀತೆಂದು ಕೇಳುವ ಧೈರ್ಯ ಮಠಗಳಿಗೂ ಬರಬೇಕು. ಅಳತೆ ಎಲ್ಲರಿಗೂ ಒಂದೇ.

ಮಠದಲ್ಲಿ ಓದಿ ಇಂದು ಸಂಬಳದಾರರಾಗಿರುವ ಹಳೆಯ ವಿದ್ಯಾರ್ಥಿಗಳಿಗೆ ಕೊನೆಯ ಮಾತು. ನೀವು ಉಂಡ ಮುದ್ದೆಯ ರಾಗಿಯನ್ನು ಕೊಟ್ಟವರು ಕಾರು ಕಂಡವರಲ್ಲ. ತಮ್ಮ ಕಣಜದಲ್ಲಿ ಉಳಿದುದನ್ನಲ್ಲ, ಇದ್ದುದರಲ್ಲಿಯೇ ಒಂದು ಪಾಲನ್ನು ತೆಗೆದಿಟ್ಟು ಕೊಟ್ಟವರು. ಕಾರಿನ ಕಂತಿಗಾಗಿ ದಾಸೋಹದ ಪಾಲು ನಿಂತುಹೋದರೆ, ಆ ಕಾರಿಗೆ ನೀವು ತೆತ್ತ ಬೆಲೆ ರಸೀದಿಯಲ್ಲಿ ಬರೆದದ್ದಕ್ಕಿಂತ ಬಹಳ ಹೆಚ್ಚೆಂದು ತಿಳಿಯಿರಿ.